ಮಕ್ಕಳನ್ನು ಒಂದು ಪುಸ್ತಕದ ಮೇಲೆ ಜಗಳಕ್ಕೆ ಬಿಡುವುದು ಹೇಗೆ

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಗದಗ ಪಕ್ಕದ ಬೆಟಗೇರಿಯ ನಮ್ಮ ಮನೆಯ ಮಾಳಿಗೆ ಮೇಲೆ ಓಣಿಯ ಎಂಟು ಮಕ್ಕಳನ್ನು ಕೂಡಿಸಿದ್ದೆ. ನಾಲ್ಕು ಭಾನುವಾರ ಕೂತು ಒಂದು ಕಾದಂಬರಿ ಓದಿ ಮುಗಿಸಿದ್ದೆವು. ಐದನೇ ಭಾನುವಾರ ಅದರ ಬಗ್ಗೆ ಮಾತಾಡೋಣ ಅಂತ ಮಾತಾಗಿತ್ತು. ನಾನು ಪುಸ್ತಕ ಎತ್ತಿ ಹಿಡಿದು, "ನನಗಂತೂ ಇದು ಭಾಳ ಸೇರಿತಪ್ಪ. ನಿಮಗ ಹೆಂಗನಿಸ್ತು?" ಅಂದೆ. ಎಂಟೂ ಮಕ್ಕಳು ಒಂದೇ ದನಿಯಲ್ಲಿ "ಛಲೋ ಐತ್ರಿ ಅಜ್ಜಾರ" ಅಂದರು. ಮುಗೀತು. ಐದು ನಿಮಿಷಕ್ಕೆ ಸಭೆ ಬರಖಾಸ್ತು. ಉಳಿದ ಹೊತ್ತೆಲ್ಲ ಮಿರ್ಚಿ ತಿಂದೆವು.

ಮೆಟ್ಟಿಲು ಇಳಿಯುವಾಗ ಒಬ್ಬ ಹುಡುಗ ಇನ್ನೊಬ್ಬನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಏನ್ ಬ್ಯಾಸರ ಪುಸ್ತಕಲೇ ಅದು." ಅದಕ್ಕೆ ಇನ್ನೊಬ್ಬ, "ಹುಚ್ಚದಿಯೇನ್? ಬೆಂಕಿ ಹಚ್ಚೂದು ಎಷ್ಟ್ ಮಸ್ತ್ ಇತ್ತು!" ಅಂದ. ಅಂದರೆ ಜಗಳ ಇತ್ತು. ಮಾಳಿಗೆ ಮೇಲೆ ಆಗಬೇಕಾದದ್ದು ಮೆಟ್ಟಿಲ ಮೇಲೆ ಆಯಿತು, ಅಷ್ಟೇ. ಅದನ್ನು ಮೇಲಕ್ಕೆ ತರುವುದು ಹೇಗೆ ಅಂತ ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಅದೇ ಪುಸ್ತಕವನ್ನು ಆಮೇಲೆ ಇನ್ನೆರಡು ಗುಂಪಿನ ಜೊತೆ ಓದಿದೆ. ಈಗ ತಕ್ಕಮಟ್ಟಿಗೆ ಕೈ ಕುದುರಿದೆ. ನಿಮ್ಮ ಓಣಿಯಲ್ಲೂ ಮಾಡಿ ನೋಡಿ ಅಂತ ಬರೆಯುತ್ತಿದ್ದೇನೆ.

ನಾನು ಸಾಲಿ ಮಾಸ್ತರ ಅಲ್ಲ, ಸ್ಟೇಷನ್ ಮಾಸ್ತರ. ಹುಬ್ಬಳ್ಳಿ–ಗದಗ ದಾರಿಯ ಸಣ್ಣ ಸಣ್ಣ ಸ್ಟೇಷನ್‌ಗಳಲ್ಲಿ ಕೆಲಸ ಮಾಡಿ ರಿಟೈರ್ ಆದವನು. ರಾತ್ರಿ ಪಾಳಿಯಲ್ಲಿ ಎರಡು ಗಾಡಿಗಳ ನಡುವೆ ನಿದ್ದೆ ತಡೆಯಲು ಓದುವ ಚಟ ಹತ್ತಿತು. ಮೇಲಿನವರಿಗೆ ಹೇಳಬೇಡಿ.

ಪುಸ್ತಕ ಯಾವುದು, ಯಾಕೆ

ಪುಸ್ತಕದ ಹೆಸರು ‘ಹ್ಯಾಚೆಟ್’. ಅಂದ್ರೆ ಕೈಗೊಡಲಿ. ಅಮೆರಿಕದ ಗ್ಯಾರಿ ಪಾಲ್ಸನ್ ಬರೆದದ್ದು, 1987ರಲ್ಲಿ ಬಂದದ್ದು. ಮರುವರ್ಷ ಅದಕ್ಕೆ ನ್ಯೂಬೆರಿ ಆನರ್ ಸಿಕ್ಕಿತು. ಅಲ್ಲಿ ಮಕ್ಕಳ ಪುಸ್ತಕಕ್ಕೆ ಅದು ದೊಡ್ಡ ಮರ್ಯಾದೆ. ಕಥೆ ಇಷ್ಟು: ಬ್ರಯಾನ್ ಅಂತ 13 ವರ್ಷದ ಹುಡುಗ. ಅಪ್ಪ-ಅಮ್ಮ ಬೇರೆಯಾಗಿದ್ದಾರೆ. ಅಪ್ಪ ಕೆನಡಾದ ಉತ್ತರದ ಎಣ್ಣೆ ಬಾವಿಗಳ ಕಡೆ ಕೆಲಸಕ್ಕಿದ್ದಾನೆ. ಹುಡುಗ ರಜೆಗೆ ಅಲ್ಲಿಗೆ ಹೊರಟಿದ್ದಾನೆ. ಸಣ್ಣ ವಿಮಾನ, ಪೈಲಟ್ ಮತ್ತು ಇವನು, ಇಬ್ಬರೇ. ಹೊರಡುವ ಮುಂಚೆ ಅಮ್ಮ ಕೊಟ್ಟ ಕೈಗೊಡಲಿ ಸೊಂಟದ ಬೆಲ್ಟಿನಲ್ಲಿದೆ. ಹಾರುತ್ತಿರುವಾಗಲೇ ಪೈಲಟ್‌ಗೆ ಹಾರ್ಟ್ ಅಟ್ಯಾಕ್. ವಿಮಾನ ಕಾಡಿನ ಕೆರೆಯೊಳಗೆ ಬೀಳುತ್ತದೆ. ಹುಡುಗ ಉಳಿಯುತ್ತಾನೆ. ಆಮೇಲೆ 54 ದಿನ ಅವನು, ಕಾಡು, ಕೊಡಲಿ.

ಎಲ್ಲರಿಗೂ ಸೇರುವ ಪುಸ್ತಕ ಜಗಳಕ್ಕೆ ಉಪಯೋಗವಿಲ್ಲ. ಇದು ಹಾಗಲ್ಲ. ವಿಮಾನ ಬಿದ್ದ ಮೇಲೆ ಕೊನೆಯ ಪುಟಗಳವರೆಗೆ ಮಾತಾಡಲು ಎರಡನೇ ಮನುಷ್ಯನೇ ಇಲ್ಲ, ಹಾಗಾಗಿ ಕೆಲವರಿಗೆ ಬೇಸರ. ಅದೇ ಕಾರಣಕ್ಕೆ ಕೆಲವರಿಗೆ ಪ್ರಾಣ. ಒಂದೇ ಮಾತನ್ನು ಮೂರು ಮೂರು ಸಲ ಹೇಳುವ ಶೈಲಿ ಒಬ್ಬರ ತಲೆ ತಿನ್ನುತ್ತದೆ, ಇನ್ನೊಬ್ಬರ ಎದೆಗೆ ತಾಗುತ್ತದೆ. ಅಪ್ಪ-ಅಮ್ಮನ ವಿಷಯ ಯಾಕೆ ಬೇಕಿತ್ತು ಅಂತ ಕೇಳುವವರಿದ್ದಾರೆ. ಅದಿಲ್ಲದಿದ್ದರೆ ಪುಸ್ತಕವೇ ಇಲ್ಲ ಅನ್ನುವವರೂ ಇದ್ದಾರೆ. ಕೊನೆ ಮಾತ್ರ ಬಹಳ ಜನರಿಗೆ ಸಮಾಧಾನ ಕೊಟ್ಟಿಲ್ಲ.

ಒಂದು ಎಚ್ಚರಿಕೆ. ದೊಡ್ಡವರು ಮೊದಲು ಪೂರ್ತಿ ಓದಿರಬೇಕು. ಹುಡುಕಲು ಬಂದ ವಿಮಾನ ತನ್ನನ್ನು ಕಾಣದೆ ತಿರುಗಿ ಹೋದ ಮೇಲೆ ಬ್ರಯಾನ್ ಬದುಕೇ ಬೇಡ ಅಂದುಕೊಳ್ಳುವ ಜಾಗ ಇದೆ. ಕೊನೆಯ ಹತ್ತಿರ, ನೀರಲ್ಲಿ ಮುಳುಗಿದ ವಿಮಾನದೊಳಗೆ ಪೈಲಟ್‌ನ ಹೆಣದ ಗತಿ ಏನಾಗಿದೆ ಅಂತಲೂ ಬರುತ್ತದೆ. ನನ್ನ ಗುಂಪಿನಲ್ಲಿ ಐದನೇ ಇಯತ್ತೆಯವರೂ ಇದ್ದರು. ಮೊದಲನೆಯದನ್ನು ಒಂದೇ ವಾಕ್ಯದಲ್ಲಿ ಹೇಳಿ, ಅವನು ಅಲ್ಲಿಂದ ಹೇಗೆ ಎದ್ದು ಬಂದ ಅನ್ನುವುದನ್ನು ನಿಧಾನವಾಗಿ ಹೇಳಿದೆ. ಯಾವ ಮಗುವಿಗೆ ಎಷ್ಟು ತಡೆಯುತ್ತದೆ ಅಂತ ಅವರ ಮನೆಯವರನ್ನು ಮುಂಚೆಯೇ ಕೇಳಿ ಇಟ್ಟುಕೊಳ್ಳಿ.

ನನ್ನ ಹತ್ತಿರ ಇದ್ದದ್ದು ಒಂದೇ ಪ್ರತಿ, ಅದೂ ಇಂಗ್ಲಿಷಿನದು. ಎರಡು ಸಾಲು ಇಂಗ್ಲಿಷಿನಲ್ಲಿ ಓದುವುದು, ಆಮೇಲೆ ನಮ್ಮ ಮಾತಿನಲ್ಲಿ ಹೇಳುವುದು. ಇಂಗ್ಲಿಷ್ ಮೀಡಿಯಮ್ಮಿನ ಇಬ್ಬರು ಹುಡುಗಿಯರು ನನ್ನ ತಪ್ಪು ಹಿಡಿಯಲು ಕಾಯುತ್ತ ಕೂತಿರುತ್ತಿದ್ದರು. ಒಳ್ಳೆಯದೇ ಆಯಿತು. ಕಿವಿ ತೆರೆದಿತ್ತಲ್ಲ.

ನೂಲು

ಈಗ ಮುಖ್ಯ ಉಪಾಯಕ್ಕೆ ಬರುತ್ತೇನೆ. ನಮ್ಮ ಬೆಟಗೇರಿಯಲ್ಲಿ ನೂಲಿಗೆ ಬರ ಇಲ್ಲ. ಮಗ್ಗದ ಮನೆಯಲ್ಲಿ ಕೇಳಿದರೆ ತುಂಡು ನೂಲು ಮುಷ್ಟಿ ತುಂಬ ಕೊಡುತ್ತಾರೆ. ಎಂಟು ಮಕ್ಕಳಿಗೆ ಎಂಟು ಬಣ್ಣ. ಒಬ್ಬರಿಗೆ ಮೂರೇ ಎಳೆ, ಗೇಣುದ್ದದ್ದು. ಓದುತ್ತ ಹೋದಂತೆ ಎಲ್ಲಿ ಮನಸ್ಸು ಕುಟುಕಿತೋ, ಎಲ್ಲಿ ಸಿಟ್ಟು ಬಂತೋ, ಎಲ್ಲಿ ನಿದ್ದೆ ಬಂತೋ, ಆ ಪುಟದಲ್ಲಿ ಒಂದೆಳೆ ಇಡಬೇಕು. ಕಾರಣ ಹೇಳಬೇಕಾಗಿಲ್ಲ. ಮೂರೇ ಇರುವುದರಿಂದ ಸುಮ್ನೆ ಕಂಡಕಂಡಲ್ಲಿ ಇಡಲು ಬರುವುದಿಲ್ಲ. ಬೇಕಾದರೆ ಹಿಂದಿನ ಪುಟದ್ದನ್ನು ಕಿತ್ತು ಮುಂದೆ ಇಡಬಹುದು. ಹಾಗೆ ಕೀಳುವಾಗ ಮಕ್ಕಳ ಮುಖ ನೋಡಬೇಕು. ಸಂತೆಯಲ್ಲಿ ಬದನೆಕಾಯಿ ಆರಿಸುವ ಹೆಂಗಸರ ಮುಖ ಹಾಗೇ ಇರುತ್ತದೆ.

ನಾಲ್ಕನೇ ಭಾನುವಾರ ಮುಗಿಯುವಾಗ ಪುಸ್ತಕದ ಅಂಚಿನಿಂದ ಬಣ್ಣಬಣ್ಣದ ನೂಲು ಜೋತುಬಿದ್ದಿರುತ್ತದೆ. ಎಲ್ಲಿ ಗುಂಪಾಗಿದೆಯೋ ಅಲ್ಲಿಂದಲೇ ಮಾತು ಶುರು ಮಾಡಿ. ನಮ್ಮದರಲ್ಲಿ ಬೆಂಕಿಯ ಅಧ್ಯಾಯದಲ್ಲಿ ಐದು ಎಳೆ ಇದ್ದವು. ಕೊನೆಯ ಪುಟಗಳಲ್ಲಿ ಆರು. ಮಿರ್ಚಿ ಅಂಗಡಿಯವರ ಮಗ ತನ್ನ ಮೂರೂ ಹಳದಿ ಎಳೆಗಳನ್ನು ಮೊದಲ ಅರ್ಧದಲ್ಲೇ ಖರ್ಚು ಮಾಡಿದ್ದ. ಮೂರೂ ನಿದ್ದೆಯವು. ಇನ್ನೊಬ್ಬ ಹುಡುಗನ ಮೂರೂ ನೀಲಿ ಎಳೆ ಒಂದೇ ಪುಟದಲ್ಲಿದ್ದವು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಪುಟದ ಮೂಲೆ ಮಡಚುವುದಕ್ಕಿಂತ ನೂಲು ವಾಸಿ. ಪೆನ್ಸಿಲ್ ಗೆರೆ ಹಾಕಿಸಬೇಡಿ. ಒಬ್ಬರ ಗೆರೆ ಕಂಡರೆ ಮುಂದಿನವರು ಅಲ್ಲೇ ಗೆರೆ ಹಾಕುತ್ತಾರೆ.

ಬಾಯಿ ತೆರೆಯುವ ಮುಂಚೆ ಚೀಟಿ

ಮಾತಿನ ದಿನ ಎಲ್ಲರೂ ಕೂತ ತಕ್ಷಣ ಒಂದೊಂದು ಚೀಟಿ ಕೊಡಿ. ಒಂದೇ ಸಾಲು ಬರೆಯಬೇಕು: ಪುಸ್ತಕ ಸೇರಿತೋ ಇಲ್ಲವೋ, ಯಾವ ಜಾಗಕ್ಕೆ. ಹೆಸರು ಬೇಡ. ಮಡಚಿ ಡಬ್ಬಿಯಲ್ಲಿ ಹಾಕುವುದು. ಯಾಕೆ ಅಂದ್ರೆ, ಮೊದಲು ಮಾತಾಡಿದವನ ಹಿಂದೆ ಉಳಿದವರು ಕುರಿಯ ಹಾಗೆ ಹೋಗುತ್ತಾರೆ. ದೊಡ್ಡವರ ಸಭೆಯಲ್ಲೂ ಅದೇ ಕಥೆ, ಅಲ್ವಾ? ಚೀಟಿಯಲ್ಲಿ ಒಮ್ಮೆ ಬರೆದ ಮೇಲೆ ಮಗುವಿಗೆ ತನ್ನ ಮಾತು ತನ್ನದೇ ಅನ್ನುವ ಹಟ ಬರುತ್ತದೆ. ಆ ಹಟ ನಮಗೆ ಬೇಕು.

ಚೀಟಿಗಳನ್ನು ನೀವೇ ಓದಿ, ಒಂದೇ ದನಿಯಲ್ಲಿ ಓದಿ. ‘ಛಲೋ’ ಅನ್ನುವ ಚೀಟಿಗೆ ನಗುಮುಖ, ‘ಬ್ಯಾಸರ’ ಅನ್ನುವ ಚೀಟಿಗೆ ಹುಬ್ಬು ಗಂಟು ಅಂತ ಮಾಡಿದರೆ ಕೆಲಸ ಕೆಟ್ಟಿತು. ಮಕ್ಕಳು ಪುಸ್ತಕಕ್ಕಿಂತ ಚೆನ್ನಾಗಿ ನಿಮ್ಮ ಮುಖ ಓದುತ್ತಾರೆ.

ಗುಂಡು ಇದ್ದವರಿಗೆ ಮಾತು

ನಾನು ಕೆಲಸಕ್ಕಿದ್ದಾಗ ಒಂಟಿ ಹಳಿಯ ದಾರಿಯಲ್ಲಿ ಎದುರುಬದುರು ಗಾಡಿ ಬರಬಾರದು ಅಂತ ಟೋಕನ್ ಪದ್ಧತಿ ಇತ್ತು. ಟೋಕನ್ ಅಂದ್ರೆ ಉಕ್ಕಿನ ಒಂದು ಗುಂಡು. ಆ ಕಡೆಯ ಸ್ಟೇಷನ್ ಒಪ್ಪಿದ ಮೇಲೇ ಈ ಕಡೆಯ ಯಂತ್ರದಿಂದ ಗುಂಡು ಹೊರಬರುತ್ತದೆ. ಅದನ್ನು ಚರ್ಮದ ಚೀಲಕ್ಕೆ ಹಾಕಿ, ಬೆತ್ತದ ದೊಡ್ಡ ಬಳೆಗೆ ಸಿಕ್ಕಿಸಿ ಡ್ರೈವರ್ ಕೈಗೆ ಕೊಡಬೇಕು. ಗುಂಡು ಕೈಗೆ ಬರದೆ ಅವನು ಗಾಡಿ ಬಿಡುವ ಹಾಗಿಲ್ಲ. ಎಂಥ ಎಕ್ಸ್‌ಪ್ರೆಸ್ ಆದರೂ ಅಷ್ಟೇ.

ಮಾಳಿಗೆ ಮೇಲೆ ಇದೇ ಪದ್ಧತಿ ತಂದೆ. ಉಕ್ಕಿನ ಗುಂಡಿನ ಬದಲು ರಬ್ಬರ್ ಚೆಂಡು. ಚೆಂಡು ಇದ್ದವರು ಮಾತ್ರ ಮಾತಾಡಬೇಕು. ಮಾತು ಮುಗಿದ ಮೇಲೆ ಯಾರಿಗೆ ಬೇಕೋ ಅವರಿಗೆ ಎಸೆಯಬಹುದು. ಆದರೆ ತನ್ನ ಮಾತು ಒಪ್ಪದವರಿಗೇ ಎಸೆಯಬೇಕು. ಇದೊಂದು ನಿಯಮದಿಂದ ಅರ್ಧ ಕೆಲಸ ಆಗುತ್ತದೆ. ಗೆಳೆಯ ಗೆಳೆಯನಿಗೇ ಎಸೆದು ಹೌದಪ್ಪ ಅಂದರೆ ಹೌದಪ್ಪ ಅನ್ನುವುದು ನಿಲ್ಲುತ್ತದೆ. ಚೆಂಡು ಬಂದರೂ ಮಾತಾಡಲು ಇಷ್ಟವಿಲ್ಲದಿದ್ದರೆ ಸುಮ್ಮನೆ ಮುಂದೆ ದಾಟಿಸಬಹುದು. ಯಾಕೆ ಅಂತ ಯಾರೂ ಕೇಳಬಾರದು.

ದೊಡ್ಡವರ ಕೈಗೆ ಚೆಂಡು ಕೊನೆಯಲ್ಲಿ ಒಂದೇ ಸಲ. ನಡುವೆ ನೀವು ಕೇಳಬಹುದಾದ ಪ್ರಶ್ನೆ ಒಂದೇ: "ಎಲ್ಲಿ ಐತಿ, ತೋರ್ಸು." ಬೇಸರ ಅಂದರೂ ಅದೇ, ಮಸ್ತ್ ಅಂದರೂ ಅದೇ. ನೂಲು ಹಿಡಿದು ಪುಟ ತೆಗೆಯಲಿ. ತೆಗೆದ ಪುಟವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿ. ಎಷ್ಟೋ ಸಲ ಮಗು ನೆನಪಿಟ್ಟುಕೊಂಡದ್ದು ಪುಟದಲ್ಲಿ ಇರುವುದೇ ಇಲ್ಲ. ಬ್ರಯಾನ್ ಕರಡಿಯನ್ನು ಕೊಂದ ಅಂತ ಒಬ್ಬ ಹುಡುಗ ಪಟ್ಟು ಹಿಡಿದಿದ್ದ. ಹುಡುಕಿ ಹುಡುಕಿ ಸುಸ್ತಾದ. ಕರಡಿ ಹಣ್ಣಿನ ಪೊದೆ ಹತ್ತಿರ ಬಂದು, ಇವನನ್ನು ನೋಡಿ, ತನ್ನ ಪಾಡಿಗೆ ತಾನು ಹೋಗುತ್ತದೆ, ಅಷ್ಟೇ. ಕೊಂದದ್ದು ಈ ಹುಡುಗನೇ, ತನ್ನ ತಲೆಯಲ್ಲಿ.

‘ಬ್ಯಾಸರ’ ಅಂದವನನ್ನು ಬೈಯಬೇಡಿ

ಬೇಸರ ಅನ್ನುವುದೂ ಒಂದು ಅಭಿಪ್ರಾಯ. ಅದನ್ನು ಸೋಮಾರಿತನ ಅಂತ ತಳ್ಳಿಹಾಕಬೇಡಿ. ಮಿರ್ಚಿ ಅಂಗಡಿಯ ಹುಡುಗ ತನ್ನ ಹಳದಿ ನೂಲಿನ ಪುಟ ತೆಗೆದು, "ಇಲ್ಲಿ ನೋಡ್ರಿ, ಹಸಿವು ಅಂತ ಒಮ್ಮೆ ಹೇಳ್ಯಾನ. ಮತ್ತ ಹಸಿವು. ಮತ್ತ ಹಸಿವು. ನಮ್ಮ ಆಯಿ ಹಿಂಗ ಹೇಳಿದ್ದ ಹೇಳ್ತಾಳ" ಅಂದ. ನಾನು ಆ ಪ್ಯಾರಾ ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಿದೆ. ಅವನು ಹೇಳಿದ್ದು ಖರೆ. ಪಾಲ್ಸನ್ ಒಂದೇ ಶಬ್ದವನ್ನು ಮೊಳೆ ಹೊಡೆದ ಹಾಗೆ ಹೊಡೆಯುತ್ತಾರೆ. ತುಂಡು ತುಂಡು ವಾಕ್ಯ. ಕೆಲವು ವಾಕ್ಯಕ್ಕೆ ತಲೆ ಇದ್ದರೆ ಬಾಲ ಇಲ್ಲ.

ಅವನು ಚೆಂಡು ಎಸೆದದ್ದು ಏಳನೇ ಇಯತ್ತೆಯ ಕನ್ನಡಕದ ಹುಡುಗಿಗೆ. ಅವಳು ಹೇಳಿದ್ದು ಇಷ್ಟು: "ಶಿವರಾತ್ರಿ ಉಪವಾಸ ಹಿಡಿದಿದ್ದೆ. ಮಧ್ಯಾಹ್ನದಿಂದ ತಲ್ಯಾಗ ಗಿರ್ಮಿಟ್, ಗಿರ್ಮಿಟ್, ಗಿರ್ಮಿಟ್. ಬ್ಯಾರೆ ಏನೂ ಬರಲೇ ಇಲ್ಲ. ಹಸಿದವ್ರ ತಲಿ ಹಂಗ ತಿರಗತೈತಿ. ಅದಕ್ಕ ಹಂಗ ಬರದಾನ." ಗಿರ್ಮಿಟ್ ಅಂದ್ರೆ ನಮ್ಮ ಕಡೆಯ ಮಂಡಕ್ಕಿ ತಿಂಡಿ.

ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಎಂಥ ಮಾತು! ಆದರೆ ಕುಣಿಯಲಿಲ್ಲ, ಬಾಯಿ ಕಚ್ಚಿ ಹಿಡಿದೆ. ಚೆಂಡು ವಾಪಸ್ ಹುಡುಗನಿಗೆ ಹೋಯಿತು. ಅವನು ಯೋಚಿಸಿ, "ಹಂಗಾದ್ರ ಪುಸ್ತಕ ಓದೂ ಮುಂಚೆ ನಾವೂ ಉಪವಾಸ ಇರಬೇಕೇನು? ಹೊಟ್ಟಿ ತುಂಬಿದವ್ರಿಗೂ ಹಸಿವು ತಿಳಿಯೂವಂಗ ಬರೀಬೇಕಲ್ಲ" ಅಂದ. ಇಬ್ಬರಲ್ಲಿ ಯಾರೂ ಸೋಲಲಿಲ್ಲ. ಅಲ್ಲಿಗೇ ಬಿಡಿ. ‘ನೋಡಿದ್ಯಾ, ಅವಳು ಹೇಳಿದ್ದು ಸರಿ’ ಅಂತ ನೀವು ತೀರ್ಪು ಕೊಟ್ಟರೆ ಮುಂದಿನ ಸಲ ಅವನು ‘ಛಲೋ ಐತ್ರಿ’ ಅಂದು ಮಿರ್ಚಿ ತಿಂದು ಹೋಗುತ್ತಾನೆ.

ಬೆಂಕಿ: ಮಾಡಿ ನೋಡಬಹುದಾದ ಜಗಳ

ಕೆಲವು ಜಗಳ ಬಾಯಲ್ಲಿ ಮುಗಿಯುವುದಿಲ್ಲ. ಕೈಯಲ್ಲಿ ಮಾಡಿ ನೋಡಬೇಕು. ಪುಸ್ತಕದಲ್ಲಿ ಒಂದು ರಾತ್ರಿ ಬ್ರಯಾನ್ ಮಲಗಿದ ಜಾಗಕ್ಕೆ ಮುಳ್ಳುಹಂದಿ ನುಗ್ಗುತ್ತದೆ. ಕತ್ತಲಲ್ಲಿ ಅವನು ಕೊಡಲಿ ಎಸೆಯುತ್ತಾನೆ. ಅದು ಬಂಡೆಗೆ ಬಡಿದು ಕಿಡಿ ಹಾರುತ್ತದೆ. ಆಗ ಅವನಿಗೆ ಹೊಳೆಯುವುದಿಲ್ಲ. ಕಾಲಿಗೆ ಮುಳ್ಳು ಚುಚ್ಚಿವೆ, ನೋವಿನಲ್ಲಿ ಅಳುತ್ತಿದ್ದಾನೆ. ಆಮೇಲೆ ಹೊಳೆಯುತ್ತದೆ: ಬಂಡೆ ಮತ್ತು ಕೊಡಲಿ ಸೇರಿದರೆ ಬೆಂಕಿ. ಒಣಹುಲ್ಲು ಇಟ್ಟು ಬಡಿಯುತ್ತಾನೆ, ಹತ್ತುವುದಿಲ್ಲ. ಜೇಬಿನಲ್ಲಿದ್ದ ಡಾಲರ್ ನೋಟನ್ನೇ ಹರಿದು ಹಾಕುತ್ತಾನೆ, ಹತ್ತುವುದಿಲ್ಲ. ಕೊನೆಗೆ ಬರ್ಚ್ ಅನ್ನುವ ಮರದ ತೊಗಟೆಯನ್ನು ಕೂದಲಿನಷ್ಟು ತೆಳ್ಳಗೆ ಸುಲಿದು, ಗೂಡು ಮಾಡಿ, ಕಿಡಿ ಬಿದ್ದ ಮೇಲೆ ಮೆಲ್ಲಗೆ ಊದಿದಾಗ ಹತ್ತುತ್ತದೆ.

"ಸುಳ್ಳೈತಿ" ಅಂದರು ನಾಲ್ವರು. "ಖರೇ ಐತಿ" ಅಂದರು ನಾಲ್ವರು. ಸರಿ, ಮುಂದಿನ ಭಾನುವಾರ ಮಾಡೇ ನೋಡೋಣ ಅಂದೆ.

ಬೆಣಚುಕಲ್ಲು ನಮ್ಮ ಕಡೆ ಹೊಲದ ಬದುವಿನಲ್ಲಿ ಬೇಕಾದಷ್ಟು ಸಿಗುತ್ತದೆ. ಮುಂಡರಗಿ ರಸ್ತೆಯ ಪಕ್ಕದ ಪರಿಚಯದವರ ಹೊಲದಿಂದ ಮೂರು ಬಿಳಿ ಕಲ್ಲು ತಂದೆ. ಕಪ್ಪತಗುಡ್ಡಕ್ಕೆ ಹೋಗಿ ತರಬೇಡಿ. ಅದು ಈಗ ವನ್ಯಜೀವಿ ಧಾಮ, ಅಲ್ಲಿಂದ ಏನನ್ನೂ ಎತ್ತಬಾರದು. ಮನೆಯಲ್ಲಿದ್ದ ಹಳೆಯ ಕೊಡಲಿ ತೆಗೆದೆ. ಕೊಡಲಿಯ ಬಾಯಿ, ಅಂದ್ರೆ ಹರಿತದ ಅಂಚು, ಮಕ್ಕಳ ಕಡೆ ಬರಬಾರದು ಅಂತ ಹಿಂಬದಿಯಿಂದ ಬಡಿದೆ. ಇಪ್ಪತ್ತು ನಿಮಿಷ ಬಡಿದೆ. ಕಿಡಿ ಇಲ್ಲ, ಬರೀ ಕೈನೋವು. ‘ಸುಳ್ಳು’ ಅಂದ ನಾಲ್ವರು ಹಲ್ಲು ಕಿಸಿದರು.

ಆಗ ಒಬ್ಬ ಹುಡುಗಿಯ ಅಜ್ಜ ಮೆಟ್ಟಿಲು ಹತ್ತಿ ಬಂದರು. ಹರೆಯದಲ್ಲಿ ಕುರಿ ಕಾಯ್ದವರು. ನನ್ನ ಕೊಡಲಿ ನೋಡಿ ನಕ್ಕು, "ಮಾಸ್ತರ, ಹಿಂದಿನ ಕಬ್ಬಿಣ ಮೆತ್ತಗ ಇರತೈತಿ. ಬಾಯಿಗೆ ಅಷ್ಟ ಪೋಲಾದ ಕೂಡಿಸಿರ್ತಾರ" ಅಂದರು. ಪೋಲಾದ ಅಂದ್ರೆ ಉಕ್ಕು. ಅವರು ಕೇಳಿದ್ದು ಒಂದು ಹಳೆಯ ಅರ, ಗರಗಸಕ್ಕೆ ಸಾಣೆ ಹಿಡಿಯುವಂಥದ್ದು. ಕಲ್ಲನ್ನು ಒಡೆದು ಚೂಪು ಅಂಚು ಮಾಡಿಕೊಂಡರು. ನೇರ ಬಡಿಯಲಿಲ್ಲ. ಅಂಚಿನ ಮೇಲೆ ಅರವನ್ನು ಸವರಿದ ಹಾಗೆ ಜಾರಿಸಿ ಹೊಡೆದರು. ಚಿಟಕ್ ಅಂತ ಕಿಡಿ ಉದುರಿತು. ಕಿಡಿ ಕಲ್ಲಿನದಲ್ಲ, ಉಕ್ಕಿನದು. ಚೂಪು ಕಲ್ಲು ಉಕ್ಕಿನ ಸಣ್ಣ ಚೂರನ್ನು ಹೆರೆಯುತ್ತದೆ, ಆ ಚೂರು ಬಿಸಿಯಾಗಿ ಗಾಳಿಯಲ್ಲಿ ಉರಿಯುತ್ತದೆ. ಅದಕ್ಕೇ ದುಂಡಗಿನ ಕಲ್ಲು ಕೆಲಸಕ್ಕೆ ಬರುವುದಿಲ್ಲ, ಮೆತ್ತನೆ ಕಬ್ಬಿಣವೂ ಬರುವುದಿಲ್ಲ.

ಕಿಡಿ ಬಂದರೆ ಬೆಂಕಿ ಬಂದ ಹಾಗಲ್ಲ. ತೆಂಗಿನ ನಾರು ಇಟ್ಟೆವು, ಹತ್ತಲಿಲ್ಲ. ಹತ್ತಿ ಇಟ್ಟೆವು, ಹತ್ತಲಿಲ್ಲ. ಅಜ್ಜ ಹಳೆಯ ಧೋತರದ ತುಂಡನ್ನು ತಗಡಿನ ಡಬ್ಬಿಯಲ್ಲಿ ಹಾಕಿ, ಮುಚ್ಚಳಕ್ಕೆ ಮೊಳೆಯಿಂದ ಸಣ್ಣ ತೂತು ಮಾಡಿ, ಒಲೆಯ ಮೇಲಿಡಿ ಅಂದರು. ತೂತಿನಿಂದ ಹೊಗೆ ಬರುವುದು ನಿಂತ ಮೇಲೆ ಇಳಿಸಿ, ಪೂರ್ತಿ ತಣ್ಣಗಾಗಲು ಬಿಟ್ಟೆವು. ಅರಿವೆ ಕಪ್ಪಗೆ, ಹಗುರವಾಗಿ, ಮುಟ್ಟಿದರೆ ಉದುರುವ ಹಾಗೆ ಆಗಿತ್ತು. ಆ ಕರಿ ಅರಿವೆ ಮೇಲೆ ಮೂರನೇ ಹೊಡೆತಕ್ಕೆ ಒಂದು ಕಿಡಿ ಬಿತ್ತು. ಜ್ವಾಲೆ ಇಲ್ಲ. ಸೂಜಿಮೊನೆಯಷ್ಟು ಕೆಂಪು ಚುಕ್ಕೆ. ಅದು ಸುತ್ತ ಹರಡುತ್ತ ಹೋಯಿತು. ಅಜ್ಜ ಅದನ್ನು ಒಣ ನಾರಿನ ಗೂಡಿನೊಳಗೆ ಇಟ್ಟು, ಮುಖದ ಹತ್ತಿರ ಹಿಡಿದು, ಹಸುಗೂಸಿನ ಕಣ್ಣಿಗೆ ಊದಿದ ಹಾಗೆ ಊದಿದರು. ಹೊಗೆ ಬಂತು. ಇನ್ನೂ ಹೊಗೆ ಬಂತು. ಆಮೇಲೆ ಭಗ್ ಅಂತು. ಎಂಟೂ ಮಕ್ಕಳು ಹೋ ಅಂದ ಕೂಗಿಗೆ ಎದುರು ಮನೆಯವರು ಹೊರಗೆ ಬಂದು ನೋಡಿದರು.

ನೀವು ಮಾಡುವುದಾದರೆ ಮಕ್ಕಳ ಕಣ್ಣಿಗೆ ಕನ್ನಡಕ ಇರಲಿ, ಕಲ್ಲಿನ ಚೂರು ಸಿಡಿಯುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ನೀರು. ಹೊಡೆಯುವವರು ದೊಡ್ಡವರೇ ಆಗಿರಲಿ.

ಜಗಳ ಮುಗೀತು ಅಂದುಕೊಂಡಿರಾ? ಇಲ್ಲ. ಸುಳ್ಳು ಅಂದಿದ್ದ ಹುಡುಗಿ ತಕ್ಷಣ ಕೇಳಿದಳು: "ಬ್ರಯಾನ್‌ಗ ಸುಟ್ಟ ಅರಿವಿ ಎಲ್ಲಿಂದ ಬಂತು?" ಒಬ್ಬ, ಬರ್ಚ್ ತೊಗಟೆಯಲ್ಲಿ ಎಣ್ಣೆ ಅಂಶ ಇರುತ್ತದೆ, ಅದು ಬೇಗ ಹತ್ತುತ್ತದೆ ಅಂದ. ಹೌದು, ಅದು ನಿಜ. ಆಗ ನಾನು ಗುಟ್ಟಾಗಿ ಇಟ್ಟುಕೊಂಡಿದ್ದ ಮಾತು ಹೇಳಿದೆ. ಪಾಲ್ಸನ್ 2001ರಲ್ಲಿ ‘ಗಟ್ಸ್’ ಅನ್ನುವ ಪುಸ್ತಕದಲ್ಲಿ ಬ್ರಯಾನ್ ಕಥೆಯ ಹಿಂದಿನ ತಮ್ಮ ಅನುಭವ ಬರೆದಿದ್ದಾರೆ. ಕೊಡಲಿ ಮತ್ತು ಕಲ್ಲಿನಿಂದ ಬೆಂಕಿ ಮಾಡುವುದನ್ನು ಅವರು ತಾವೇ ಮಾಡಿ ನೋಡಿದ್ದರು. ತಾಸುಗಟ್ಟಲೆ ಹಿಡಿದಿತ್ತು. ಬ್ರಯಾನ್ ಹಸಿ ಆಮೆ ಮೊಟ್ಟೆ ತಿನ್ನುತ್ತಾನಲ್ಲ, ಅದನ್ನೂ ತಿನ್ನಲು ಹೋಗಿ ಇವರ ಕೈಲಿ ಆಗಲಿಲ್ಲ. ಹಾಗಾದರೆ ಬ್ರಯಾನ್ ತಿಂದದ್ದು ಸುಳ್ಳೇ? ಅವನು ಹಸಿದಿದ್ದ, ಬರೆದವರು ಹಸಿದಿರಲಿಲ್ಲ ಅಂತ ಶಿವರಾತ್ರಿ ಹುಡುಗಿ ಮತ್ತೆ ಶುರು ಮಾಡಿದಳು. ಇಂಥ ಮಾಹಿತಿ ಕೈಯಲ್ಲಿದ್ದರೆ ಕೊನೆಯಲ್ಲಿ ಕೊಡಿ. ಮೊದಲೇ ಕೊಟ್ಟರೆ ಕಲ್ಲು ಹೊಡೆಯುವವರೇ ಇರುವುದಿಲ್ಲ.

ಕೇಳಬಾರದ ಪ್ರಶ್ನೆ

ಪುಸ್ತಕದಲ್ಲಿ ಬ್ರಯಾನ್‌ಗೆ ಒಂದು ಗುಟ್ಟು ಗೊತ್ತು. ಅಮ್ಮನನ್ನು ಬೇರೊಬ್ಬ ಗಂಡಸಿನ ಜೊತೆ ಕಾರಿನಲ್ಲಿ ನೋಡಿದ್ದಾನೆ. ಅಪ್ಪನಿಗೆ ಹೇಳಿಲ್ಲ. ಕಾಡಿನಲ್ಲಿ ಹಸಿವು, ಸೊಳ್ಳೆ, ಚಳಿಯ ನಡುವೆಯೂ ಅದು ಅವನನ್ನು ಕಾಡುತ್ತದೆ. ಊರಿಗೆ ಬಂದ ಮೇಲೂ ಹೇಳುವುದಿಲ್ಲ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ನನಗೆ ಈ ಭಾಗದ್ದೇ ಹೆದರಿಕೆ ಇತ್ತು. ಒಬ್ಬ ತಾಯಿ ಬಂದು, ಇಂಥದ್ದೆಲ್ಲ ಮಕ್ಕಳಿಗೆ ಯಾಕೆ ಓದುತ್ತೀರಿ ಅಂತ ಕೇಳಿಯೂ ಇದ್ದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಪುಸ್ತಕ ಕೊಟ್ಟು, ನೀವೇ ಒಮ್ಮೆ ಓದಿ ನೋಡಿ ಅಂದೆ. ವಾರದ ಮೇಲೆ ವಾಪಸ್ ತಂದುಕೊಟ್ಟು, "ಬಿಡ್ರಿ, ನಮ್ಮ ಟೀವಿ ಸೀರಿಯಲ್‌ಗಿಂತ ವಾಸಿ ಐತಿ" ಅಂದರು.

ಮಕ್ಕಳು ಎರಡು ಪಂಗಡ ಆದರು. ಅಪ್ಪನಿಗೆ ಹೇಳಲೇಬೇಕಿತ್ತು ಅಂತ ಒಂದು. ಹೇಳಿದ್ದರೆ ಏನು ಬರುತ್ತಿತ್ತು, ಸುಮ್ಮನಿದ್ದದ್ದೇ ಜಾಣತನ ಅಂತ ಇನ್ನೊಂದು. ‘ಕಾಡಿನ ಕಥೆಯೊಳಗ ಇದ್ಯಾಕ ಬೇಕಿತ್ತು’ ಅಂತ ಇಬ್ಬರು. ಚೆಂಡು ನೀಲಿ ನೂಲಿನ ಹುಡುಗನ ಕೈಗೆ ಹೋಯಿತು. ಅವನು ತಾಯಿಯ ಜೊತೆ ಅಜ್ಜಿಯ ಮನೆಯಲ್ಲಿರುವ ಹುಡುಗ. ಚೆಂಡನ್ನು ಸ್ವಲ್ಪ ಹೊತ್ತು ಹಿಡಿದು, ನೆಲಕ್ಕೆ ಎರಡು ಸಲ ಪುಟಿಸಿ, ಮುಂದೆ ದಾಟಿಸಿದ. ಅವನ ಮೂರೂ ಎಳೆ ಇದ್ದದ್ದು ಆ ಪುಟದಲ್ಲೇ. ನನಗೆ ಗೊತ್ತಿತ್ತು. ‘ಎಲ್ಲಿ ಐತಿ, ತೋರ್ಸು’ ಅಂತ ಎಲ್ಲರನ್ನೂ ಕೇಳಿದವನು ಅವನನ್ನು ಕೇಳಲಿಲ್ಲ. ಆ ಪುಟ ಬಂದಾಗ ನೂಲು ಯಾರದು ಅಂತಲೂ ಹೇಳಲಿಲ್ಲ. ನಿಮ್ಮ ಗುಂಪಿನಲ್ಲೂ ಇಂಥ ಒಂದು ಮಗು ಇರಬಹುದು. ನೂಲು ಮಾತಾಡಿದೆ, ಮಗು ಮಾತಾಡಬೇಕಾಗಿಲ್ಲ.

ನಿಮ್ಮ ಸರದಿ

ಕೊನೆಗೆ ಚೆಂಡು ನನ್ನ ಕೈಗೆ ಬಂತು. ನನಗೆ ಸೇರಿದ್ದು ಬೆಂಕಿಯಲ್ಲ, ಕೆರೆ ದಂಡೆಯಲ್ಲಿ ಸುಮ್ಮನೆ ಕೂತು ಕಾಡಿನ ಸದ್ದುಗಳನ್ನು ಒಂದೊಂದಾಗಿ ಗುರುತಿಸಲು ಕಲಿಯುವ ಪುಟಗಳು ಅಂದೆ. ಮಿರ್ಚಿ ಅಂಗಡಿಯ ಹುಡುಗನ ನಿದ್ದೆಯ ಒಂದು ನೂಲು ಅಲ್ಲೇ ಇತ್ತು. ಅವನು ನನ್ನನ್ನೇ ನೋಡಿ, "ನೀವು ರಾತ್ರಿ ಸ್ಟೇಷನ್‌ದಾಗ ಒಬ್ಬರ ಇರ್ತಿದ್ರಿ, ಅದಕ್ಕ ನಿಮಗ ಸೇರೇತಿ" ಅಂದ. ನಾನು ಇಷ್ಟು ವರ್ಷ ಅದನ್ನು ಯೋಚಿಸಿಯೇ ಇರಲಿಲ್ಲ. ದೂರದಿಂದ ಬರುವ ಗಾಡಿ ಗೂಡ್ಸೋ ಪ್ಯಾಸೆಂಜರೋ ಅಂತ ಹಳಿಯ ಸದ್ದಿನಲ್ಲೇ ಹೇಳುತ್ತಿದ್ದೆ ನಾನು.

ಕೊನೆ ಸೇರದಿದ್ದರೆ

ಪುಸ್ತಕದ ಕೊನೆಗೆ ಬ್ರಯಾನ್ ಮುಳುಗಿದ ವಿಮಾನದಿಂದ ಒಂದು ಚೀಲ ತರುತ್ತಾನೆ. ಅದರಲ್ಲಿ ಊ‌ಟದ ಪೊಟ್ಟಣಗಳು, ಬಂದೂಕು, ಲೈಟರ್, ಒಂದು ರೇಡಿಯೋ ಯಂತ್ರ. ಯಂತ್ರ ಕೆಟ್ಟಿದೆ ಅಂದುಕೊಂಡು ಬದಿಗಿಡುತ್ತಾನೆ. ಅದೇ ಸಿಗ್ನಲ್ ಕಳಿಸಿ, ಒಂದು ವಿಮಾನ ಬಂದು ಕೆರೆಯಲ್ಲಿ ಇಳಿಯುತ್ತದೆ. ಆರು ನೂಲು ಸುಮ್ನೆ ಬಿದ್ದಿರಲಿಲ್ಲ ಅಲ್ಲಿ. "ಇಷ್ಟು ಕಷ್ಟಪಟ್ಟು ಕೊನೆಗೆ ಲಾಟರಿ ಹೊಡದಂಗ" ಅಂದಳು ಒಬ್ಬಳು.

ಅಮೆರಿಕದ ಓದುಗರಿಗೂ ಹಾಗೇ ಅನಿಸಿತ್ತು. ಚಳಿಗಾಲಕ್ಕೆ ಮುಂಚೆಯೇ ಅವನನ್ನು ಎತ್ತಿಕೊಂಡು ಹೋದಿರಿ, ನಿಜವಾದ ಕಷ್ಟ ಬರುವುದೇ ಹಿಮ ಬಿದ್ದ ಮೇಲೆ ಅಂತ ಪಾಲ್ಸನ್‌ಗೆ ಬರೆದರು. ಅವರು ಕೇಳಿಸಿಕೊಂಡರು. 1996ರಲ್ಲಿ ‘ಬ್ರಯಾನ್ಸ್ ವಿಂಟರ್’ ಬಂತು. ಅದರಲ್ಲಿ ಆ ವಿಮಾನ ಬರುವುದಿಲ್ಲ, ಹುಡುಗ ಚಳಿಗಾಲವನ್ನೂ ಕಾಡಿನಲ್ಲೇ ಕಳೆಯಬೇಕು. ಇದನ್ನು ಹೇಳಿದಾಗ ಮಕ್ಕಳು ಒಂದು ಕ್ಷಣ ಸುಮ್ಮನಾದರು. ಬರೆದವರ ಜೊತೆಗೂ ಜಗಳ ಆಡಬಹುದು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಪಾಲ್ಸನ್ 2021ರಲ್ಲಿ ತೀರಿಕೊಂಡರು, ಇನ್ನು ಅವರಿಗೆ ಬರೆಯಲು ಬರುವುದಿಲ್ಲ. ಹಾಗಾಗಿ ನಿಮಗೆ ಬೇಕಾದ ಕೊನೆ ನೀವೇ ಬರೆಯಿರಿ ಅಂದೆ. ಒಂದೇ ಪುಟ, ಹೆಸರು ಬೇಡ, ಮುಂದಿನ ಭಾನುವಾರ ಡಬ್ಬಿಗೆ. ಗಟ್ಟಿಯಾಗಿ ಓದಬಾರದು ಅಂತಿದ್ದರೆ ಮೇಲೆ ಒಂದು ಗುಣಾಕಾರದ ಚಿಹ್ನೆ ಹಾಕಿರಿ ಅಂದೆ. ಈ ಚಿಹ್ನೆಯ ಸೌಲಭ್ಯ ಮರೆಯದೆ ಕೊಡಿ.

ಎಂಟು ಪುಟ ಬಂದವು. ಒಂದಕ್ಕೆ ಚಿಹ್ನೆ ಇತ್ತು. ಅದನ್ನು ನಾನೊಬ್ಬನೇ ಓದಿ, ಪುಸ್ತಕದೊಳಗೆ ನೀಲಿ ನೂಲಿನ ಜಾಗದಲ್ಲಿ ಇಟ್ಟಿದ್ದೇನೆ.

ಉಳಿದ ಏಳನ್ನು ಗಟ್ಟಿಯಾಗಿ ಓದಿದೆ. ಮಿರ್ಚಿ ಅಂದು ಕೊನೆಗೇ ಕೊಡಿ. ಮೊದಲು ಕೊಟ್ಟರೆ ಎಣ್ಣೆ ಕೈ ಪುಟಕ್ಕೆ ಹತ್ತುತ್ತದೆ. ನಮ್ಮ ಪ್ರತಿಯ ಕರಡಿಯ ಪುಟ ಈಗಲೂ ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ. ಏಳರಲ್ಲಿ ಒಂದು ಯಾರದು ಅಂತ ಹೆಸರಿಲ್ಲದಿದ್ದರೂ ಎಲ್ಲರಿಗೂ ತಿಳಿಯಿತು. ಅದರಲ್ಲಿ ವಿಮಾನ ಇಳಿಯುತ್ತದೆ, ಪೈಲಟ್ ದಂಡೆಗೆ ಬರುತ್ತಾನೆ. ಬ್ರಯಾನ್ ಅವನಿಗೆ ಊಟ ಬಡಿಸುತ್ತಾನೆ. ಪೈಲಟ್ ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಕಮ್ಮಿ ಆಗೇತಿ" ಅನ್ನುತ್ತಾನೆ. ಬ್ರಯಾನ್‌ಗೆ ಸಿಟ್ಟು ಬಂದು ಅವನನ್ನು ಅಲ್ಲೇ ಬಿಟ್ಟು, ವಿಮಾನ ತಾನೇ ಹಾರಿಸಿಕೊಂಡು ಹೋಗುತ್ತಾನೆ.

"ಕಾಡಿನ್ಯಾಗ ಉಪ್ಪು ಎಲ್ಲಿಂದ ಬರಬೇಕು?" ಅಂದಳು ಕನ್ನಡಕದ ಹುಡುಗಿ.

"ಚೀಲದಾಗಿನ ಪೊಟ್ಟಣದಾಗ ಇರತೈತಿ."

"ಎಲ್ಲಿ ಐತಿ, ತೋರ್ಸು."

ಚೆಂಡು ಮೂಲೆಯಲ್ಲಿ ಬಿದ್ದಿತ್ತು. ಎಂಟೂ ತಲೆಗಳು ಪುಸ್ತಕದ ಮೇಲೆ ಬಗ್ಗಿದವು.